ಡೇರೆ ಹೂವಿನ ಪದರಗಳು

ತಂಗಿ ಬಳಪವನ್ನು ನೀರಿನ ಬಟ್ಟಲಿಗೆ ಅದ್ದಿಬಿಟ್ಟಳು.

ಬಳಪ ಎನ್ನುವುದು ಅಕ್ಕ ಇಟ್ಟ ಹೆಸರು. ನಿಜಕ್ಕೂ ಅದು ಗಾಜಿನ ಪರದೆಯ ಮೇಲೆ ಚಿತ್ರ ಬರೆಯುವ ಡಿಜಿಟಲ್ ಪೆನ್ನು. ಅದರ ಜೊತೆಗೆ ಬಂದ ಪರದೆಯನ್ನು ಅಕ್ಕ 'ಸ್ಲೇಟು' ಎಂದು ಕರೆದು, ಎರಡರ ಗಾಂಭೀರ್ಯವನ್ನೂ ಮೊದಲ ದಿನವೇ ಕಳೆದಿದ್ದಳು. ಕುಂಚ, ಕಾಗದ, ನೀರುಗಳ ನಡುವೆಯೇ ಕೂದಲು ನರೆಸಿಕೊಂಡ ತಂಗಿಗೆ ಬಲಗೈ ಪಕ್ಕದಲ್ಲಿ ಬಟ್ಟಲು ಇಲ್ಲದಿದ್ದರೆ ಕೆಲಸಕ್ಕೆ ಕೂತ ಹಾಗೇ ಅನ್ನಿಸುತ್ತಿರಲಿಲ್ಲ. ಹಾಗಾಗಿ ಬೇಡದಿದ್ದರೂ ಒಂದನ್ನು ತುಂಬಿಸಿ ಇಟ್ಟುಕೊಂಡಿದ್ದಳು. ಇಟ್ಟುಕೊಂಡ ಮೇಲೆ ಕೈ ಸುಮ್ಮನಿರುತ್ತದೆಯೇ?

"ಏಯ್ ಪುಟ್ಟೀ! ಅದು ಬ್ರಶ್ಶಲ್ಲ ಕಣೇ!" ಮೇಜಿನ ಆಚೆ ಬದಿಯಿಂದ ಅಕ್ಕ ಕೂಗಿಕೊಂಡಳು.

ತಂಗಿ ಪೆನ್ನನ್ನು ಎತ್ತಿದಳು. ಎತ್ತಿ, ಬಟ್ಟಲಿನ ಅಂಚಿಗೆ ತಟ್ಟಿದಳು. ತಟ್ಟಿ, ಪಕ್ಕದ ಚಿಂದಿಗೆ ಒರೆಸಿದಳು. ಅಷ್ಟೂ ಮುಗಿದ ಮೇಲೆ ತಾನು ಮಾಡಿದ್ದೇನೆಂದು ಗೊತ್ತಾಗಿ ಹಣೆ ಚಚ್ಚಿಕೊಂಡಳು. ಪೆನ್ನು ಮಾತ್ರ ಏನೂ ಆಗದ ಹಾಗೆ ಮತ್ತೆ ಗೆರೆ ಎಳೆಯತೊಡಗಿತು. ಕೆಟ್ಟಿದ್ದರೆ ಒಂದು ನೆಪವಾದರೂ ಸಿಗುತ್ತಿತ್ತು ಎಂದು ಅವಳಿಗೆ ಒಳಗೊಳಗೇ ನಿರಾಸೆಯಾಯಿತು.

"ನಗಬೇಡ," ಎಂದಳು.

"ನಾನೆಲ್ಲಿ ನಕ್ಕೆ?" ಎಂದು ಅಕ್ಕ ಪೆನ್ಸಿಲಿನ ಮೊನೆ ಚೂಪು ಮಾಡುವುದಕ್ಕೆ ತಲೆ ಬಗ್ಗಿಸಿದಳು. ಅವಳ ಭುಜ ಅಲುಗುತ್ತಿತ್ತು.

ಈ ಇಬ್ಬರೂ ಹೂವಿನ ಬೀಜದ ಪೊಟ್ಟಣಗಳಿಗೆ ಚಿತ್ರ ಬರೆಯುವವರು. ಒಳಗಿನ ಬೀಜ ಮೊಳೆಯುತ್ತದೋ ಇಲ್ಲವೋ, ಪೊಟ್ಟಣದ ಮೇಲಿನ ಹೂವು ಮಾತ್ರ ಅರಳಿಯೇ ಇರಬೇಕಲ್ಲ, ಆ ಅರಳಿದ ಹೂವುಗಳು ಇವರ ಮೇಜಿನಿಂದ ಹೋಗುತ್ತಿದ್ದವು. ಅಕ್ಕ ಪೆನ್ಸಿಲಿನಲ್ಲಿ ಗೆರೆ ಹಾಕುವಳು, ತಂಗಿ ಜಲವರ್ಣ ತುಂಬುವಳು. ಬಣ್ಣ ಒಣಗಿದ ಮೇಲೆ ಮೆತ್ತನೆಯ ರಬ್ಬರಿನಿಂದ ಅಕ್ಕನ ಗೆರೆಯನ್ನು ಒತ್ತಿ ಒತ್ತಿ ತೆಗೆದುಬಿಡುವುದೂ ತಂಗಿಯ ಕೆಲಸವೇ. ಕೊನೆಗೆ ಕಾಗದದ ಮೇಲೆ ಉಳಿಯುತ್ತಿದ್ದದ್ದು ಬಣ್ಣ. ಕಂಪನಿಯವರಿಗೆ ಗೊತ್ತಿದ್ದದ್ದೂ ಬಣ್ಣದ ಮೇಡಂ ಒಬ್ಬರೇ. 'ನಮ್ಮ ಅಕ್ಕನೂ ಸ್ವಲ್ಪ ಪೆನ್ಸಿಲ್ ಸಹಾಯ ಮಾಡ್ತಾರೆ' ಎಂದು ಯಾವತ್ತೋ ಒಮ್ಮೆ ತಂಗಿ ಫೋನಿನಲ್ಲಿ ಹೇಳಿದ್ದುಂಟು. ಹೇಳುವಾಗ ಅದು ದೊಡ್ಡ ಔದಾರ್ಯ ಎಂದೇ ಅವಳಿಗೆ ಅನ್ನಿಸಿತ್ತು.

ಅವಳ ಕೈಯ ಬಗ್ಗೆ ಎರಡು ಮಾತಿಲ್ಲ ಬಿಡಿ. ಒದ್ದೆ ಕಾಗದಕ್ಕೆ ಒಂದು ತೊಟ್ಟು ಬಣ್ಣ ಬಿಟ್ಟು, ಅದು ಹರಡುತ್ತಿರುವಾಗಲೇ ಹಲಗೆಯನ್ನು ಓರೆ ಮಾಡಿ, ಎಸಳಿನ ಅಂಚಿಗೆ ಬಂದ ಬಣ್ಣವನ್ನು ಅಲ್ಲೇ ತಡೆದು ನಿಲ್ಲಿಸುವುದು ಅವಳಿಗೆ ಉಸಿರಾಡಿದಷ್ಟು ಸಲೀಸು. ನೀರಿಗೆ ಯಾವಾಗ ಸಲುಗೆ ಕೊಡಬೇಕು, ಯಾವಾಗ ಗದರಬೇಕು ಎಂಬುದು ಅವಳ ಮಣಿಕಟ್ಟಿಗೆ ಗೊತ್ತಿತ್ತು. ಹೇಗೆ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ಇಂಥವಳ ಅನ್ನಕ್ಕೆ ಕಲ್ಲು ಹಾಕಿದ್ದು ಕಂಪನಿಯ ಹೊಸ ವಿನ್ಯಾಸ ವಿಭಾಗ. ಇನ್ನು ಮೇಲೆ ಕಾಗದದ ಚಿತ್ರ ಬೇಡ, ಜಲವರ್ಣದ ಹಾಗೇ ಕಾಣುವ ಚಿತ್ರವನ್ನು ಕಂಪ್ಯೂಟರಿನಲ್ಲೇ ಮಾಡಬೇಕು, ಅದೂ ಪದರ ಪದರವಾಗಿ, ಎಂದು ಹೇಳಿ ಕಳಿಸಿದರು. ಆ ವಿಭಾಗದಲ್ಲಿ ಒಬ್ಬ ವಿನಯವಂತ ಯುವಕನಿದ್ದ. ಮಾತಿಗೊಂದು ಸಲ 'ಲೇಯರ್' ಅನ್ನುತ್ತಿದ್ದ. ತಂಗಿ ಅವನಿಗೆ ಲೇಯರಪ್ಪ ಎಂದು ಹೆಸರಿಟ್ಟಳು. ಹೆಸರಿಡುವುದರಲ್ಲಿ ಅಕ್ಕತಂಗಿಯರಿಬ್ಬರೂ ಒಂದೇ.

ಪರೀಕ್ಷೆಗೆ ಕೊಟ್ಟಿದ್ದು ಒಂದು ಡೇರೆ ಹೂವು. ಅದು ಒಪ್ಪಿಗೆಯಾದರೆ ಕೆಲಸ ಮುಂದುವರಿಯುತ್ತದೆ, ಇಲ್ಲದಿದ್ದರೆ ಇವರ ಮೇಜನ್ನು ಮಡಚಿ ಗೋಡೆಗೆ ಒರಗಿಸಬಹುದು. ತಂಗಿಗೆ ಇದರ ಜೊತೆಗೆ ಇನ್ನೊಂದು ಸಂಕಟ. ಈ ಯಂತ್ರದಲ್ಲಿ ಫೋಟೋ ಇಟ್ಟು ಅದರ ಮೇಲೆ ಗೆರೆ ಎಳೆಯಬಹುದಂತೆ, ಬೇಕಾದ ಹೂವಿನ ಗೆರೆ ಸಿದ್ಧವಾಗಿಯೇ ಸಿಗುತ್ತದಂತೆ. ಹಾಗಾದರೆ ಇನ್ನು ಅಕ್ಕನಿಗೆ ಏನು ಕೆಲಸ? ಪೆನ್ಸಿಲ್ ಹಿಡಿದು ಎದುರಿಗೆ ಕೂತವಳಿಗೆ 'ಇನ್ನು ನೀನು ಬೇಡ' ಎಂದು ಯಾವ ಬಾಯಲ್ಲಿ ಹೇಳುವುದು? ಆ ಚಿಂತೆಯಲ್ಲಿ ಅವಳಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಅದಕ್ಕೇ ಈ ಸಲದ ಡೇರೆಗೂ ಅಕ್ಕನ ಕೈಲೇ ಗೆರೆ ಹಾಕಿಸಿ, ಆ ಹಾಳೆಯನ್ನು ಸ್ಕ್ಯಾನ್ ಮಾಡಿ ಯಂತ್ರದೊಳಗೆ ಹಾಕಿಕೊಂಡಿದ್ದಳು. ಅಕ್ಕನ ಮನಸ್ಸು ನೋಯದಿರಲಿ ಎಂಬ ದೊಡ್ಡ ಮನಸ್ಸು ಅವಳದು.

ಪದರ ಅಂದರೆ ಏನೆಂದು ಹೇಳಿಕೊಟ್ಟವಳು ತಂಗಿಯ ಮಗಳು. ಕನ್ನಡಕದ ಅಂಗಡಿಯಲ್ಲಿ ಅವಳಿಗೆ ಕೆಲಸ. ಕೆಲಸಕ್ಕೆ ಹೊರಡುವ ಮುಂಚೆ, ಒಂದು ಕಾಲು ಚಪ್ಪಲಿಯಲ್ಲಿ ಒಂದು ಕಾಲು ಹೊರಗೆ ಇಟ್ಟುಕೊಂಡೇ ಪಾಠ ಮಾಡಿದಳು.

"ನೋಡಮ್ಮ, ಗಾಜಿನ ಹಾಳೆಗಳನ್ನ ಒಂದರ ಮೇಲೊಂದು ಪೇರಿಸಿಟ್ಟ ಹಾಗೆ. ತಳದಲ್ಲಿ ಕಾಗದ. ಅದರ ಮೇಲೆ ದೊಡ್ಡಮ್ಮನ ಗೆರೆ. ಅದರ ಮೇಲೆ ತೆಳು ಬಣ್ಣ, ಆಮೇಲೆ ಗಾಢ ಬಣ್ಣ, ಎಲ್ಲಕ್ಕಿಂತ ಮೇಲೆ ನೆರಳು. ಒಂದೊಂದೂ ಬೇರೆ ಬೇರೆ. ಒಂದು ಕೆಟ್ಟರೆ ಅದೊಂದನ್ನೇ ತೆಗೆದು ಬಿಸಾಕಬಹುದು."

"ಕೆಟ್ಟರೆ ಬಿಸಾಕೋದಾದ್ರೆ ಕೈಗೆ ಭಯ ಎಲ್ಲಿಂದ ಬರತ್ತೆ?"

"ಭಯ ಯಾಕಮ್ಮ ಬೇಕು?"

ತಂಗಿಗೆ ಭಯ ಬೇಕು ಎಂದಷ್ಟೇ ಗೊತ್ತಿತ್ತು.

"ಈ ಕಣ್ಣಿನ ಗುರುತು ಇದೆಯಲ್ಲ, ಇದನ್ನ ಒತ್ತಿದ್ರೆ ಆ ಲೇಯರ್ ಮಾಯ. ಮತ್ತೆ ಒತ್ತಿದ್ರೆ ಬರತ್ತೆ. ಮುಖ್ಯವಾದದ್ದು ಒಂದೇ, ಬಣ್ಣ ಹಚ್ಚೋಕೆ ಮುಂಚೆ ಯಾವ ಲೇಯರ್ ಮೇಲೆ ಇದ್ದೀಯ ಅಂತ ನೋಡ್ಕೋ. ನೋಡ್ಕೋತೀಯಲ್ಲ? ಅಮ್ಮಾ, ಹೂಂ ಅನ್ನು."

"ಹೂಂ," ಎಂದಳು ತಂಗಿ, ಪಾಠ ಮುಗಿದರೆ ಸಾಕು ಎಂಬ ಧಾಟಿಯಲ್ಲಿ. ಮಗಳು ಇನ್ನೊಂದು ಚಪ್ಪಲಿ ಮೆಟ್ಟಿಕೊಂಡು ಓಡಿದಳು.

ಆಮೇಲೆ ಶುರುವಾಯಿತು ನೋಡಿ ಫಜೀತಿ. ಪರದೆಯ ಪಕ್ಕದಲ್ಲಿ 'ನೀರು' ಎಂದು ಒಂದು ಪಟ್ಟಿ, ಅದರ ಮೇಲೆ ಎಡಕ್ಕೂ ಬಲಕ್ಕೂ ಜಾರುವ ಗುಂಡಿ. ಬಲಕ್ಕೆ ಎಳೆದರೆ ನೀರು ಹೆಚ್ಚು. ತಂಗಿ ಎಳೆದಳು. ಬಣ್ಣ ಹರಡಿತು, ಆದರೆ ಎಲ್ಲ ಕಡೆಗೂ ಒಂದೇ ಸಮ, ಯಾರೋ ಹೇಳಿಕೊಟ್ಟ ಹಾಗೆ. ಅವಳು ಹಲಗೆಯನ್ನು ಓರೆ ಮಾಡುವ ಅಭ್ಯಾಸದಲ್ಲಿ ಸ್ಲೇಟನ್ನೇ ಎತ್ತಿ ಓರೆ ಮಾಡಿದಳು. ಬಣ್ಣ ಜಾರಲಿಲ್ಲ, ಬದಲಿಗೆ ಪರದೆಯೇ ತಿರುಗಿ ಹೂವು ಅಡ್ಡಡ್ಡ ಮಲಗಿತು. ಅವಳು ಕತ್ತನ್ನು ಅದರ ಜೊತೆ ಓರೆ ಮಾಡಿದಳು. ಅಕ್ಕ ಈ ಸಲ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ಮೊದಲ ಹೂವು ಪ್ಲಾಸ್ಟಿಕ್ಕಿನದಾಯಿತು. ಇನ್ನೊಂದನ್ನು ಮಾಡಿದಳು, ಅದು ಒದ್ದೆ ಬಟ್ಟೆಯ ಉಂಡೆಯಾಯಿತು. ಅದರ ಮುಂದಿನದು ಪರವಾಗಿಲ್ಲ ಅನ್ನಿಸುವಷ್ಟರಲ್ಲಿ, ಒಂದು ಎಸಳು ಸರಿ ಬರಲಿಲ್ಲವೆಂದು ಹಿಂದಕ್ಕೆ ಹೋಗುವ ಗುಂಡಿ ಒತ್ತಿದಳು. ಅದೇ ಎಲ್ಲಕ್ಕಿಂತ ದೊಡ್ಡ ಶತ್ರುವಾಯಿತು. ಕಾಗದದ ಮೇಲೆ ಬಿದ್ದ ಬಣ್ಣ ಬಿದ್ದದ್ದೇ. ತಪ್ಪಿದರೆ ಆ ತಪ್ಪನ್ನೇ ಪುಸಲಾಯಿಸಿ ಎಸಳಿನ ಮಡಿಕೆ ಮಾಡಿಕೊಳ್ಳಬೇಕು. ಇಲ್ಲಿ ಒತ್ತಿದರೆ ತಪ್ಪು ಹೋಯಿತು. ಮತ್ತೆ ಹಚ್ಚಿದಳು, ಮತ್ತೆ ಒತ್ತಿದಳು. ಮೊದಲಿನದೇ ವಾಸಿಯಿತ್ತಲ್ಲ ಅನ್ನಿಸಿತು, ಅದು ಎಲ್ಲಿ ಹೋಯಿತೋ ಸಿಗಲಿಲ್ಲ. ಬೆಳಗಿನಿಂದ ಊಟದ ಹೊತ್ತಿನವರೆಗೆ ಒಂದೇ ಎಸಳನ್ನು ಹಚ್ಚಿ ಅಳಿಸಿ, ಹಚ್ಚಿ ಅಳಿಸಿ, ಕೊನೆಗೆ ಅವಳ ಎದುರಿಗೆ ಇದ್ದದ್ದು ಖಾಲಿ ಕಾಗದ. ಕಾಗದವೂ ಅಲ್ಲ, ಕಾಗದದ ಚಿತ್ರ. ಮೈ ಪರಚಿಕೊಳ್ಳುವಂತಾಯಿತು.

"ಇದರ ಮನೆ ಹಾಳಾಗ!" ಎಂದು ಪೆನ್ನನ್ನು ಮೇಜಿಗೆ ಕುಕ್ಕಿದಳು.

"ಊಟ ಮಾಡ್ಕೊಂಡು ಬೈಯಿ. ಹಸಿದ ಹೊಟ್ಟೇಲಿ ಬೈದ್ರೆ ತಲೆನೋವು ಬರತ್ತೆ ನಿಂಗೆ," ಎಂದಳು ಅಕ್ಕ.

"ನಿಂಗೇನು, ಪೆನ್ಸಿಲ್ ಹಿಡ್ಕೊಂಡು ಆರಾಮಾಗಿ ಕೂತಿದ್ದೀಯ!"

ಮಾತು ಬಾಯಿಂದ ಬಿದ್ದ ಮೇಲೆ ತಂಗಿ ನಾಲಿಗೆ ಕಚ್ಚಿಕೊಂಡಳು. ಪಾಪ, ಈ ಆರಾಮ ಇನ್ನೆಷ್ಟು ದಿನ ಅವಳಿಗೆ, ಎಂದುಕೊಂಡಳು. ಅಕ್ಕ ಪೆನ್ಸಿಲಿನ ಹೊಟ್ಟು ಅಂಗೈಯಲ್ಲಿ ಬಳಿದುಕೊಂಡು ಎದ್ದು ಹೋಗಿ ತಟ್ಟೆ ಹಾಕಿದಳು.

ಹೀಗೇ ದಿನಗಳು ಹೋದವು. ಲೇಯರಪ್ಪ ಫೋನು ಮಾಡಿ 'ಅವಸರ ಏನಿಲ್ಲ ಮೇಡಂ' ಎನ್ನುತ್ತಿದ್ದ. ಅವಸರ ಇಲ್ಲ ಎಂದು ಹೇಳುವುದಕ್ಕೇ ಒಬ್ಬ ಫೋನು ಮಾಡುತ್ತಾನೆಂದರೆ ಎಷ್ಟು ಅವಸರ ಇರಬಹುದು ಎಂಬುದು ತಂಗಿಗೆ ತಿಳಿಯದ್ದೇನಲ್ಲ. ಮಗಳು ಸಂಜೆ ಬಂದು ಭುಜದ ಮೇಲಿಂದ ಬಗ್ಗಿ ನೋಡಿ, 'ಚೆನ್ನಾಗೇ ಇದೆಯಲ್ಲಮ್ಮ' ಅನ್ನುವಳು. ಆ 'ಏ' ಒಂದು ತಂಗಿಯ ಎದೆಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಒಂದು ಮಧ್ಯಾಹ್ನ ಮಾತ್ರ ಏನಾಯಿತೋ, ಹೂವು ಬಂತು.

ಅವತ್ತು ಅವಳು ಸಿಟ್ಟುಮಾಡಿಕೊಳ್ಳುವ ಶಕ್ತಿಯನ್ನೂ ಕಳೆದುಕೊಂಡಿದ್ದಳು. ಪಟ್ಟಿ, ಗುಂಡಿ, ಕಣ್ಣು ಯಾವುದರ ಗೊಡವೆಗೂ ಹೋಗದೆ, ಅಕ್ಕನ ಗೆರೆಯ ಮೇಲೆ ಕಣ್ಣು ನೆಟ್ಟು, ಒಳಗಿನ ಸುತ್ತಿನ ಸಣ್ಣ ಎಸಳುಗಳಿಂದ ಹೊರಗೆ ಹೊರಗೆ ಬಣ್ಣ ಬಿಡುತ್ತ ಹೋದಳು. ಡೇರೆ ಅಂದರೆ ಸುಮ್ಮನೆ ಅಲ್ಲ. ಸುತ್ತಿನ ಮೇಲೆ ಸುತ್ತು, ಪ್ರತಿ ಎಸಳೂ ಹಿಂದಿನದರ ಸಂದಿಯಿಂದ ಇಣುಕುತ್ತದೆ, ಒಂದು ತಪ್ಪಿದರೆ ಇಡೀ ಹೂವು ತಲೆ ತಿರುಗಿ ಬಿದ್ದ ಹಾಗೆ ಕಾಣುತ್ತದೆ. ಬಣ್ಣ ಪೆನ್ಸಿಲಿನ ಕಪ್ಪನ್ನು ಸ್ವಲ್ಪ ಸ್ವಲ್ಪವೇ ತನ್ನೊಳಗೆ ಎಳೆದುಕೊಂಡು ಮಾಸಿದ ಕೆಂಪಾಯಿತು, ಎಸಳಿನ ಬುಡದಲ್ಲಿ ನೆರಳು ತಾನಾಗಿ ಕೂತಿತು. ಕಾಗದದ ಮೇಲೆ ಆಗುತ್ತಿದ್ದದ್ದೂ ಹೀಗೇ. ಗುಂಡಿ ಒತ್ತಬೇಕು ಅನ್ನಿಸಲೇ ಇಲ್ಲ. ಕಿಟಕಿಯ ಬೆಳಕು ಮೇಜಿನಿಂದ ಇಳಿಯುವ ಹೊತ್ತಿಗೆ ಅವಳೆದುರು ಒಂದು ಡೇರೆ ಹೂವು ಇತ್ತು, ಅದು ಉಸಿರಾಡುತ್ತಿತ್ತು.

"ಅಕ್ಕಾ, ಬಾ ಇಲ್ಲಿ."

ಅಕ್ಕ ಸುತ್ತಿ ಬಂದು ನೋಡಿದಳು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದಳು.

"ಇದು ನಿನ್ನದೇ ಕಣೇ. ಸ್ಲೇಟಿಂದಲ್ಲ, ನಿಂದು," ಎಂದಳು.

ತಂಗಿ ಅವತ್ತು ರೂಮಿನ ತುಂಬ ಹಾಡಿಕೊಂಡು ಓಡಾಡಿದಳು. ಮಗಳು ಬಂದ ಮೇಲೆ ಅವಳ ಕೈಲಿ ಕಡತವನ್ನು ಕಂಪನಿಗೆ ಕಳಿಸಿದ್ದಾಯಿತು.

ಮಾರನೆಯ ಬೆಳಿಗ್ಗೆ ಅಕ್ಕ ತರಕಾರಿ ತರಲು ಹೋಗಿದ್ದಾಗ ಲೇಯರಪ್ಪನ ಫೋನು ಬಂತು.

"ಮೇಡಂ, ಹೂವು ಸೂಪರ್ ಆಗಿದೆ. ಆದ್ರೆ ಒಂದು ಸಣ್ಣ ತೊಂದ್ರೆ. ಬಣ್ಣ ಎಲ್ಲಾ ನೀವು ಪೆನ್ಸಿಲ್ ಲೇಯರ್ ಮೇಲೇ ಹಚ್ಚಿಬಿಟ್ಟಿದೀರಿ. ಮೇಲಿನ ಲೇಯರ್‌ಗಳೆಲ್ಲಾ ಖಾಲಿ ಇವೆ."

ಮಗಳು ಹೂಂ ಅನ್ನಿಸಿಕೊಂಡು ಹೋದ ಒಂದೇ ಒಂದು ಮಾತು! ಅಷ್ಟು ದಿನದ ತಲೆನೋವು, ಅಷ್ಟು ಬೈಗುಳ, ಕೊನೆಗೆ ಬಂದ ಆ ಹೂವು, ಎಲ್ಲವೂ ಹೋಗಿ ಅಕ್ಕನ ಗೆರೆಯ ಮೇಲೆ ಕೂತಿದ್ದವು. ಒಂದರಿಂದ ಒಂದನ್ನು ಬೇರೆ ಮಾಡಲು ಬರುವುದಿಲ್ಲ. ಗೆರೆ ತೆಗೆದರೆ ಹೂವೂ ಹೋಗುತ್ತದೆ.

"ಅಯ್ಯೋ, ನನ್ನ ಬುದ್ಧಿಗಿಷ್ಟು! ಬೇರೆ ಬೇರೆ ಲೇಯರಲ್ಲಿ ಮತ್ತೆ ಮಾಡಿ ಕೊಡ್ತೀನಿ ಕಣಪ್ಪ. ಸ್ವಲ್ಪ ದಿನ ಕೊಡಿ," ಎಂದಳು.

"ಅಯ್ಯೋ, ನೀವ್ಯಾಕೆ ಮೇಡಂ ಅಷ್ಟು ಕಷ್ಟ ಪಡ್ತೀರಿ? ಆ ಪೆನ್ಸಿಲ್ ಹಾಳೆ ಇನ್ನೂ ಇದೆಯಲ್ಲ? ಅದನ್ನೇ ಇನ್ನೊಂದ್ಸಲ ಸ್ಕ್ಯಾನ್ ಮಾಡಿ ಕಳಿಸಿಬಿಡಿ. ಗೆರೆ ಇದ್ರೆ ಸಾಕು, ಬಣ್ಣ ನಾವೇ ಹಾಕ್ಕೋತೀವಿ."

"ಅಂದ್ರೆ?"

"ಒಂದೇ ಡೇರೆಗೆ ನಮಗೆ ಎಷ್ಟೊಂದು ಬಣ್ಣ ಬೇಕಲ್ಲ ಮೇಡಂ. ಹಳದಿ ಪೊಟ್ಟಣ, ಕೆಂಪು ಪೊಟ್ಟಣ, ಬಿಳಿ. ಗೆರೆ ಬೇರೆಯಾಗಿ ಸಿಕ್ಕಿದ್ರೆ ಮಿಕ್ಕಿದ್ದು ಇಲ್ಲೇ ಆಗಿಹೋಗತ್ತೆ. ಜಲವರ್ಣದ ಎಫೆಕ್ಟ್ ಈಗ ಮೆಷೀನಲ್ಲೇ ಬರತ್ತೆ. ಆದ್ರೆ ಇಂಥ ಗೆರೆ ಮೆಷೀನಿಗೆ ಬರಲ್ಲ ಮೇಡಂ, ಫೋಟೋದಿಂದ ಎಳೆದ್ರೂ ಬರಲ್ಲ. ನಮ್ಮ ಇಡೀ ವಿಭಾಗ ಕೂತು ನೋಡ್ತು. ಎಷ್ಟು ವರ್ಷದಿಂದ ಇಷ್ಟು ಒಳ್ಳೇ ಗೆರೆನ ಬಣ್ಣದ ಕೆಳಗೆ ಮುಚ್ಚಿಟ್ಟಿದ್ರಿ ಅಂತ ನಮ್ಮ ಮುಖ್ಯಸ್ಥರು ಕೇಳ್ತಿದ್ರು. ನಿಮ್ದೇ ಅಲ್ವಾ ಗೆರೆ?"

ತಂಗಿಗೆ ಹೌದು ಅಂದುಬಿಡುವುದು ಎಷ್ಟು ಹಗುರವಿತ್ತು ಎಂದರೆ ಅದು ಬಾಯಿಯ ತುದಿಗೇ ಬಂದು ನಿಂತಿತ್ತು.

"ನಮ್ಮಕ್ಕಂದು," ಎಂದಳು.

"ಹೌದಾ! ಹಾಗಾದ್ರೆ ಇನ್ಮೇಲೆ ಅವರ ಜೊತೆನೇ ಮಾತಾಡ್ತೀವಿ ಬಿಡಿ."

ನೋಡಿ ಹೇಳುತ್ತೇನೆ ಎಂದು ಫೋನು ಇಟ್ಟಳು. ಆಮೇಲೆ, ನೋಡಿಯೇಬಿಡೋಣ ಎಂಬ ಹಟ ಹುಟ್ಟಿ, ಅಕ್ಕನ ಪೆನ್ಸಿಲ್ ಹಾಳೆಯನ್ನು ಮತ್ತೆ ಸ್ಕ್ಯಾನ್ ಮಾಡಿ ಹಾಕಿಕೊಂಡು, ಅದರ ಮೇಲೆ ಹೊಸ ಪದರ ತೆಗೆದು, ಈ ಸಲ ಕಣ್ಣಲ್ಲಿ ಕಣ್ಣಿಟ್ಟು, ಸರಿಯಾದ ಪದರದ ಮೇಲೆಯೇ ಒಂದು ಬದಿಯ ಎಸಳುಗಳಿಗೆಲ್ಲ ಬಣ್ಣ ಹಚ್ಚಿದಳು. ಹಚ್ಚಿ, ಕೆಳಗಿನ ಗೆರೆಯ ಕಣ್ಣು ಮುಚ್ಚಿದಳು.

ಪರದೆಯ ಮೇಲೆ ಉಳಿದದ್ದು ನಾಲ್ಕಾರು ಕೆಂಪು ಕಲೆಗಳು. ಯಾರೋ ಏನನ್ನೋ ಚೆಲ್ಲಿ ಅರ್ಧಂಬರ್ಧ ಒರೆಸಿದ ಹಾಗಿತ್ತು. ಈಗ ಗೆರೆಯನ್ನು ತೆರೆದು ಬಣ್ಣದ ಕಣ್ಣು ಮುಚ್ಚಿದಳು. ಅಕ್ಕನ ಡೇರೆ, ಒಂದು ಹನಿ ಬಣ್ಣವಿಲ್ಲದೆ, ಸುತ್ತಿನ ಮೇಲೆ ಸುತ್ತು ಇಟ್ಟುಕೊಂಡು, ಯಾರ ಹಂಗೂ ಇಲ್ಲದ ಹಾಗೆ ಅರಳಿ ನಿಂತಿತ್ತು.

ಇದು ಅನ್ಯಾಯ ಎಂದು ಅವಳಿಗೆ ಕೂಗಬೇಕೆನ್ನಿಸಿತು. ಕಾಗದದ ಮೇಲೆ ಹೀಗಿರಲಿಲ್ಲ! ಅಲ್ಲಿ ತನ್ನ ನೀರಿಗೆ ಜೀವವಿತ್ತು, ಗೆರೆ ತೆಗೆದ ಮೇಲೂ ಹೂವು ನಿಲ್ಲುತ್ತಿತ್ತು, ಎಷ್ಟೋ ಸಲ ಅಕ್ಕನ ಗೆರೆಯ ಬಿಗುವನ್ನು ತನ್ನ ಬಣ್ಣವೇ ಸಡಿಲಿಸಿ ಹೂವು ಮಾಡಿದ್ದುಂಟು. ಅಕ್ಕನ ಗೆರೆ ಹೇಗಿತ್ತೋ ಹಾಗೇ, ಒಂದು ಕೂದಲೂ ಕೊಂಕದೆ, ಈ ಗಾಜಿನೊಳಗೆ ಬಂದು ಕೂತಿತು. ತನ್ನ ನೀರು ಮಾತ್ರ ಬರಲಿಲ್ಲ. ತಾನು ಕಲಿತದ್ದೆಲ್ಲ ನೀರಿನ ಜೊತೆ, ಆ ನೀರಿಗೇ ಇಲ್ಲಿ ಪ್ರವೇಶವಿಲ್ಲ. ಇದರಲ್ಲಿ ತನ್ನ ತಪ್ಪೇನು? ಅಕ್ಕನ ಹೆಚ್ಚುಗಾರಿಕೆ ಏನು? ಹೊಟ್ಟೆ ಉರಿಯಿತು. ಒಡಹುಟ್ಟಿದವಳ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯಾದರೂ ಉರಿ ಇಳಿಯಲಿಲ್ಲ.

ಒಂದು ದಾರಿ ಅವಳ ಕೈಯಲ್ಲೇ ಇತ್ತು. ಕಂಪನಿಯ ಜೊತೆ ಮಾತು ಇಲ್ಲಿಯವರೆಗೆ ತನ್ನದೇ ತಾನೇ? ಗೆರೆ, ಬಣ್ಣ ಎರಡೂ ಸೇರಿದರೆ ಕೊಡುತ್ತೇವೆ, ಇಲ್ಲದಿದ್ದರೆ ಇಲ್ಲ ಎಂದು ಖಡಾಖಂಡಿತವಾಗಿ ಹೇಳಿಬಿಡಬಹುದು. ಅವರು ಬೇಡ ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಇಬ್ಬರೂ ಸಮವಾಗಿ ಮನೆಯಲ್ಲಿ ಕೂರುವುದು. ಯಾಕೆ ಬೇಡ ಅಂದರು ಎಂಬುದು ಅಕ್ಕನಿಗೆ ಯಾವತ್ತೂ ತಿಳಿಯುವುದಿಲ್ಲ. ಇದನ್ನು ಅವಳು ಒಂದು ಸಲ ಯೋಚಿಸಿ ಬಿಡಲಿಲ್ಲ, ಮತ್ತೆ ಮತ್ತೆ ಯೋಚಿಸಿದಳು.

ಅಕ್ಕ ಚೀಲ ತುಂಬ ತರಕಾರಿ ಹಿಡಿದು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. ತಂಗಿಯ ಮುಖ ನೋಡಿದಳು. ಚೀಲ ಕೆಳಗಿಟ್ಟು, ಚಪ್ಪಲಿಯನ್ನೂ ಬಿಡದೆ ಬಂದು ತನ್ನ ಕುರ್ಚಿಯಲ್ಲಿ ಕೂತಳು.

"ಫೋನು ಬಂತಾ?"

"ಹೂಂ."

"ಏನಂದ್ರು?"

ತಂಗಿ ಪರದೆಯನ್ನು ತಿರುಗಿಸಿ ಬೋರಲು ಹಾಕಿದಳು. "ಏನಿಲ್ಲ. ಈ ಹೊಟ್ಟನ್ನೆಲ್ಲ ಮೇಜಿನ ಮೇಲೆ ಯಾಕೆ ಬಿಡ್ತೀಯ? ಸ್ಲೇಟಿನ ಸಂದೀಲೆಲ್ಲ ಸೇರ್ಕೊಳತ್ತೆ! ಎಷ್ಟು ಸಲ ಹೇಳೋದು?"

"ಅದರ ಮೇಲಿನ ಸಿಟ್ಟು ನನ್ನ ಮೇಲೆ ಯಾಕೆ ತೀರಿಸ್ಕೋತೀಯ?" ಎಂದಳು ಅಕ್ಕ. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಮೇಜಿನ ಮೇಲಿದ್ದ ಹೊಟ್ಟನ್ನು ಬೆರಳ ತುದಿಯಿಂದ ಒಂದೊಂದಾಗಿ ಒತ್ತಿ ತೆಗೆಯತೊಡಗಿದಳು. "ನಂಗೆ ಗೊತ್ತಿದೆ ಪುಟ್ಟಿ. ಶುರುವಿಂದ ಗೊತ್ತಿತ್ತು. ಪೆನ್ಸಿಲ್ ಬೇಡ ಅಂದಿದಾರೆ ತಾನೇ? ಫೋಟೋದಿಂದಾನೇ ಗೆರೆ ಎಳೀತಾರಂತೆ, ನಿನ್ನ ಮಗಳು ನನ್ನೆದುರಿಗೇ ಹೇಳಿದ್ಲಲ್ಲ. ನೀನು ನಂಗೆ ಹೇಳೋಕಾಗ್ದೆ ಒದ್ದಾಡ್ತಿದೀಯ. ನನಗೋಸ್ಕರ ಈ ಸಲನೂ ಹಾಳೆ ಮೇಲೆ ಬರೆಸಿದೆ. ನಾನೇನು ಚಿಕ್ಕ ಮಗೂನಾ? ಬೇಡ ಅಂದ್ರೆ ಬೇಡ. ಹೇಗೂ ಅಳಿಸಿ ಹಾಕೋ ಗೆರೆ, ಇವತ್ತಲ್ಲ ನಾಳೆ ಇದು ಆಗೋದೇ. ನೀನು ಒಬ್ಬಳಾದ್ರೂ ಉಳ್ಕೊಂಡ್ರೆ ನಂಗೆ ಅಷ್ಟೇ ಸಾಕು."

ತಂಗಿ ಅವಳನ್ನೇ ನೋಡಿದಳು. ಈಗ ಸುಮ್ಮನಿದ್ದರೂ ಸಾಕಿತ್ತು. ಒಂದು ಸುಳ್ಳನ್ನೂ ಹೇಳಬೇಕಾಗಿರಲಿಲ್ಲ, ಸುಮ್ಮನೆ ತಲೆ ತಗ್ಗಿಸಿದ್ದರೆ ಆಗುತ್ತಿತ್ತು. ಹಾಗಿರಲು ಅವಳಿಗೆ ಆಗಲಿಲ್ಲ. ಯಾಕೆಂದರೆ ಹೊಟ್ಟು ಮುಗಿದ ಮೇಲೂ ಅಕ್ಕನ ಬೆರಳು ಖಾಲಿ ಮೇಜನ್ನೇ ಒತ್ತುತ್ತಿತ್ತು.

"ಬೇಡ ಅಂದಿಲ್ಲ ಅಕ್ಕ."

"ಮತ್ತೆ?"

"ನಿನ್ನ ಗೆರೆ ಮಾತ್ರ ಬೇಕಂತೆ. ಬಣ್ಣ ಅವರೇ ಹಾಕ್ಕೋತಾರಂತೆ."

ಅಕ್ಕನ ಬೆರಳು ನಿಂತಿತು.

"ಗೆರೆ ಮಾತ್ರಾನಾ?"

"ಹೂಂ. ಇಂಥ ಗೆರೆ ಮೆಷೀನಿಗೆ ಬರಲ್ವಂತೆ. ಫೋಟೋದಿಂದ ಎಳೆದ್ರೂ ಬರಲ್ವಂತೆ."

"ಯಾರಂದಿದ್ದು, ಲೇಯರಪ್ಪಾನಾ? ನಿನ್ನ ಗೆರೆ ಅಂದ್ಕೊಂಡು ಹೇಳಿರ್ತಾನೆ."

"ಅಲ್ಲ. ಅಕ್ಕಂದು ಅಂತ ಹೇಳ್ದೆ ನಾನು. ಇನ್ಮೇಲೆ ನಿನ್ನ ಜೊತೆನೇ ಮಾತಾಡ್ತಾರಂತೆ."

ಅಕ್ಕ ಕನ್ನಡಕ ತೆಗೆದಳು. ಒರೆಸಲಿಲ್ಲ, ಸುಮ್ಮನೆ ಕೈಯಲ್ಲಿ ಹಿಡಿದು ಕೂತಳು. ಅವಳ ಮುಖ ಕೆಂಪಾಗುತ್ತ ಬಂತು. ತಂಗಿ ಆ ಮುಖವನ್ನು ಎಷ್ಟೋ ವರ್ಷದಿಂದ ಇದೇ ಮೇಜಿನ ಆಚೆ ನೋಡುತ್ತ ಬಂದವಳು. ಹಬೆಯಾಡುವ ಕಾಫಿಯ ಹಿಂದೆ, ನೆಗಡಿಯಲ್ಲಿ, ಜಗಳ ಆಡಿ ಮಾತು ಬಿಟ್ಟ ದಿನಗಳಲ್ಲಿ, ಅದರ ಎಲ್ಲ ಬಣ್ಣವೂ ತನಗೆ ಗೊತ್ತು ಅಂದುಕೊಂಡಿದ್ದಳು. ಇದು ಗೊತ್ತಿರಲಿಲ್ಲ.

"ಏನಂದ ಇನ್ನೊಂದ್ಸಲ ಹೇಳು," ಎಂದಳು ಅಕ್ಕ. "ನಿನ್ನ ಮಾತಲ್ಲಿ ಬೇಡ. ಅವನು ಅಂದ ಹಾಗೇ ಹೇಳು. ಮೊದಲಿಂದ."

ಬಣ್ಣದ ಮಾತು ಅಕ್ಕನ ಕಿವಿಗೆ ಬಿದ್ದಿದ್ದರೂ ಇನ್ನೂ ಒಳಗೆ ಇಳಿದಿರಲಿಲ್ಲ. ಇನ್ನೊಂದು ಗಳಿಗೆಯಲ್ಲಿ ಇಳಿಯುತ್ತದೆ, ಆಗ ಈ ಮುಖ ಹೀಗಿರುವುದಿಲ್ಲ, 'ಅಯ್ಯೋ ಪುಟ್ಟಿ, ಹಾಗಾದ್ರೆ ನೀನು?' ಎಂದು ಎದ್ದೇ ಬಿಡುತ್ತಾಳೆ ಎಂಬುದು ತಂಗಿಗೆ ತಿಳಿದಿತ್ತು. ಅಷ್ಟರೊಳಗೆ ಅವನ ಹೊಗಳಿಕೆಯನ್ನೆಲ್ಲ ಹೇಳಿ ಮುಗಿಸಬೇಕಿತ್ತು. ಹೊಟ್ಟೆಯ ಉರಿ ಎಲ್ಲಿತ್ತೋ ಅಲ್ಲೇ ಇತ್ತು. ಅವಳು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು, ಗಂಟಲು ಸರಿಮಾಡಿಕೊಂಡಳು, ಲೇಯರಪ್ಪನ ಆ ವಿನಯದ ದನಿಯನ್ನೇ ಅಣಕಿಸುತ್ತ ಶುರು ಮಾಡಿದಳು.

"ಮೇಡಂ, ಗೆರೆ ಇದ್ರೆ ಸಾಕು, ಅಂದ."